ಹರಿದಷ್ಟೂ ಒತ್ತಿದವರು

ಪ್ರದರ್ಶನಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ನಾರಾಯಣಗೂಡದ ಒಂದೇ ಕಟ್ಟಡದಲ್ಲಿ, ಒಂದೇ ಮೆಟ್ಟಿಲನ್ನು ಹತ್ತಿಳಿದು, ಆ ಕಲಾವಿದೆಯ ಮಸಿಯ ವಾಸನೆಯನ್ನು ವರ್ಷಗಟ್ಟಲೆ ಸಹಿಸಿದ ಮನುಷ್ಯ ನಾನು. ಅವರು ತೀರಿಕೊಂಡ ಮರುವರ್ಷ ಬಂಜಾರಾ ಹಿಲ್ಸಿನ ಒಂದು ಗ್ಯಾಲರಿಯಲ್ಲಿ ಅವರು ಹಲಗೆಯಲ್ಲಿ ಕೊರೆದು ಒತ್ತಿದ, ದುಡಿಯುವ ಹೆಂಗಸರ ಕೈಗಳ ಮರದಚ್ಚಿನ ಚಿತ್ರಗಳನ್ನು ತೂಗುಹಾಕಿದ್ದಾರೆಂಬ ಸುದ್ದಿ ನನಗೆ ತಿಳಿದದ್ದು ಪತ್ರಿಕೆಯ ಒಳಪುಟದಿಂದ. ಹೋದೆ. ಬಾಗಿಲಲ್ಲಿದ್ದ ಹುಡುಗಿ ನನ್ನ ಛತ್ರಿಯನ್ನು ತೆಗೆದುಕೊಂಡು, ಎಸಿ ರಿಪೇರಿಗೆ ಬಂದವರು ನೀವೇನಾ ಎಂದು ಹಿಂದಿಯಲ್ಲಿ ಕೇಳಿದಳು. ಇಂಥವನ್ನು ನಾನು ಮರೆಯುವುದಿಲ್ಲ. ಮರೆಯಬಾರದೆಂಬುದು ನನ್ನ ಅಭಿಪ್ರಾಯ.

ಕಲಾವಿದೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ತಮ್ಮ ಯಾವ ಮುದ್ರಣದ ಮೇಲೂ ಅವರು ಹೆಸರು ಹಾಕಿದವರಲ್ಲ. ಯಾಕೆಂದು ಕೇಳಿದರೆ, "ಕೈ ಅವರದು, ಕೆಳಗ ನನ್ನ ಹೆಸರು ಯಾಕ ಬೇಕ್ರಿ?" ಎನ್ನುತ್ತಿದ್ದರು. ಗ್ಯಾಲರಿಯವರು ಪ್ರತಿ ಚೌಕಟ್ಟಿನ ಕೆಳಗೂ ಅದೇ ಹೆಸರನ್ನು ಹಿತ್ತಾಳೆಯ ತಗಡಿನ ಮೇಲೆ ಕೆತ್ತಿಸಿ ಹಚ್ಚಿದ್ದರು. ಅಷ್ಟರಮಟ್ಟಿಗಾದರೂ ಅವರ ಮಾತು ಒಂದು ಕಡೆ ಉಳಿಯಲಿ ಎಂದು ನಾನು ಹೆಸರನ್ನು ಬಿಟ್ಟಿದ್ದೇನೆ. ನಾಚಾರಂನ ಕಾರ್ಖಾನೆಗಳ ಹೆಂಗಸರು ಅವರನ್ನು ಟೀಚರಮ್ಮ ಎನ್ನುತ್ತಿದ್ದರು. ನಾನು ಅಕ್ಕಾರ ಎನ್ನುತ್ತಿದ್ದೆ, ಜಗಳವಾಡುವಾಗಲೂ.

ಜಗಳಗಳಿಗೆ ಕೊರತೆ ಇರಲಿಲ್ಲ. ಅವರು ಸಿಕಂದರಾಬಾದಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆಯ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ತವರು ರಾಯಚೂರಿನ ಕಡೆಯದು. ನಾನು ಕಲಬುರಗಿಯವನು, ಭೂಮಾಪನ ಇಲಾಖೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವನು. ಪರ ಊರಿನಲ್ಲಿ ನಮ್ಮ ಭಾಷೆಯವರು ಮೇಲಿನ ಮಹಡಿಗೆ ಬಂದರೆಂದು ನನ್ನ ಹೆಂಡತಿ ಮೊದಲ ದಿನವೇ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದ್ದಳು. ಅದರ ಮರುವಾರ ಅವರು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ನನ್ನ ಹಗ್ಗಕ್ಕೆ ಹಸಿ ಮುದ್ರಣಗಳನ್ನು ಕ್ಲಿಪ್ ಹಾಕಿ ಒಣಗಿಸಿ, ನನ್ನ ಎರಡು ಧೋತರಗಳಿಗೆ ಕಪ್ಪು ಅಂಟಿಸಿದರು. ಕ್ಷಮೆ ಕೇಳಲಿಲ್ಲ. ಧೋತರದ ಮೇಲೆ ಮೂಡಿದ್ದ ಕಲೆಯನ್ನು ಬೆಳಕಿಗೆ ಹಿಡಿದು ನೋಡಿ, "ಕಾಗದದ ಮ್ಯಾಲೆ ಹಿಂಗ ಚಂದ ಬಂದಿರಲಿಲ್ಲ ನೋಡ್ರಿ," ಎಂದರು. ನಾನು ಕಟ್ಟಡದ ಸಮಿತಿಗೆ ದೂರು ಕೊಟ್ಟೆ. ಇವತ್ತು ಅದೇ ನಡೆದರೆ ಇವತ್ತೂ ಕೊಡುತ್ತೇನೆ.

ಮೆಟ್ಟಿಲಿನ ಶಾಬಾದ್ ಕಲ್ಲಿನ ಮೇಲೆ ಅವರು ಉಳಿಗಳನ್ನು ಮಸೆಯುತ್ತಿದ್ದರು. ಕಾಲಾಂತರದಲ್ಲಿ ಒಂದು ಮೆಟ್ಟಿಲಿನ ಅಂಚು ಸವೆದು ತಗ್ಗಾಯಿತು. ನಾನು ಅದನ್ನು ತೋರಿಸಿದಾಗ ಅವರು ಕೂತಲ್ಲಿಂದ ಏಳದೆ, ಹಲಗೆಯ ಮೇಲಿನ ಚಕ್ಕೆಯನ್ನು ಉಫ್ ಎಂದು ಊದಿ, ಆಮೇಲೆ ತಲೆ ಎತ್ತಿದರು. ಅದು ಅವರ ಅಭ್ಯಾಸ. ಯಾವ ಪ್ರಶ್ನೆಗೂ ಮೊದಲು ಚಕ್ಕೆ ಊದುವುದು, ಆಮೇಲೆ ಉತ್ತರ. ಆ ಎರಡರ ನಡುವಿನ ಹೊತ್ತಿನಲ್ಲಿ ನಮ್ಮ ಸಿಟ್ಟು ಅರ್ಧ ಇಳಿದಿರುತ್ತಿತ್ತು. ಬಹುಶಃ ಊದುವುದು ಅದಕ್ಕೇ ಇದ್ದೀತು.

ಒಮ್ಮೆ ನನ್ನ ಹಳೆಯ ನಕಾಶೆಗಳನ್ನು ತೋರಿಸಿದೆ. ಕೂದಲೆಳೆಯಷ್ಟು ಸಣ್ಣ ಗೆರೆಗಳು, ಎಲ್ಲಿಯೂ ಮಸಿ ಹರಡಿದ್ದಿಲ್ಲ. ಮೇಲಧಿಕಾರಿಗಳು ಮೆಚ್ಚಿದ್ದ ಕೆಲಸ ಅದು. ಬಹಳ ಹೊತ್ತು ನೋಡಿದರು. "ಗೆರಿ ಭಾಳ ಸ್ವಚ್ಛ ಅದಾವ್ರಿ," ಎಂದರು. ನಾನು ಹಿಗ್ಗುವಷ್ಟರಲ್ಲಿ, "ಯಾರಿಗೂ ನೋವು ಮಾಡಂಗಿಲ್ಲ," ಎಂದು ಸೇರಿಸಿದರು. ಅದು ಹೊಗಳಿಕೆಯಲ್ಲವೆಂದು ನನಗೆ ಆ ಕ್ಷಣವೇ ತಿಳಿಯಿತು. ಅವರು ಸತ್ತರೂ ಆ ಮಾತು ನನ್ನಲ್ಲಿ ಸತ್ತಿಲ್ಲ.

ಇಷ್ಟೆಲ್ಲ ಆದಮೇಲೂ ನಾನು ಅವರ ಬಗ್ಗೆ ಬರೆಯುತ್ತಿರುವುದು ನಾಚಾರಂನ ಒಂದು ಗೋಡೆಯ ಕಾರಣದಿಂದ.

ಅವರು ಇನ್ನೂ ಕೆಲಸದಲ್ಲಿದ್ದಾಗ ಅವರ ಶಾಲೆಯ ಒಂದು ಹುಡುಗಿ ಇದ್ದಕ್ಕಿದ್ದಂತೆ ತರಗತಿಗೆ ಬರುವುದನ್ನು ಬಿಟ್ಟಿತ್ತು. ಬೇರೆ ಶಿಕ್ಷಕಿಯರು ಹಾಜರಿಯಿಂದ ಹೆಸರು ಹೊಡೆದು ಸುಮ್ಮನಾದರು. ಇವರು ವಿಳಾಸ ಹುಡುಕಿಕೊಂಡು ನಾಚಾರಂಗೆ ಹೋದರು. ಹುಡುಗಿಯ ತಾಯಿ ಮಾಣಿಕಮ್ಮ, ಮಕ್ತಲ್ ಕಡೆಯ ಹೆಂಗಸು, ಡಬ್ಬಿಯ ಮುಚ್ಚಳ ಒತ್ತುವ ಒಂದು ಸಣ್ಣ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ಯಂತ್ರ ಅವಳ ಬಲಗೈಯ ಎರಡು ಬೆರಳುಗಳನ್ನು ತೆಗೆದುಕೊಂಡಿತ್ತು. ಯಂತ್ರದ ಮುಂದೆ ಕೈ ತಡೆಯುವ ಜಾಲರಿ ಇರಲಿಲ್ಲ. ಕಾರ್ಖಾನೆಯವರು, ಆಕೆ ಮನೆಯಲ್ಲಿ ಎಲ್ಲೋ ಪೆಟ್ಟು ಮಾಡಿಕೊಂಡು ಬಂದಿದ್ದಾಳೆ ಎಂದುಬಿಟ್ಟಿದ್ದರು. ಜೊತೆಗಾರ್ತಿಯರು ಅದೇ ಯಂತ್ರದ ಮುಂದೆ, ಅದೇ ರೀತಿ, ಮರುದಿನವೂ ಕೂತರು.

ಟೀಚರಮ್ಮ ಮನೆಗೆ ಬಂದು ಒಂದು ಹಲಗೆಯನ್ನು ತೆಗೆದುಕೊಂಡು ಆ ಕೈಯನ್ನು ಕೊರೆದರು. ಮರದಚ್ಚಿನಲ್ಲಿ ಕೊರೆದ ಭಾಗ ಕಾಗದದ ಮೇಲೆ ಬಿಳಿಯಾಗಿ ಉಳಿಯುತ್ತದೆ, ಬಿಟ್ಟ ಭಾಗ ಮಸಿ ಹಿಡಿದು ಕಪ್ಪಾಗುತ್ತದೆ. ಅಷ್ಟೇ ಅಲ್ಲ, ಎಲ್ಲವೂ ತಿರುಗಿ ಬೀಳುತ್ತದೆ. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಇದನ್ನು ಸೇವೆಯುದ್ದಕ್ಕೂ ಮಕ್ಕಳಿಗೆ ಕಲಿಸಿದವರು ಅವರೇ. ಆದರೂ ಅವತ್ತಿನ ಸಿಟ್ಟಿನಲ್ಲಿ ಕೈಯನ್ನು ಕಂಡಂತೆಯೇ ಕೊರೆದುಬಿಟ್ಟರು. ಒತ್ತಿದ ಹಾಳೆಯನ್ನು ತೋರಿಸಿದಾಗ ಮಾಣಿಕಮ್ಮ ತನ್ನ ಎರಡೂ ಕೈ ಮುಂದೆ ಹಿಡಿದಳಂತೆ.

"ಟೀಚರಮ್ಮಾ, ಇದು ನನ್ನ ಎಡಗೈ ಆತು. ಎಡಗೈ ನೆಟ್ಟಗ ಐತಲ್ರಿ."

ಯಾರು ಗಮನಿಸುತ್ತಾರೆ ಬಿಡಿ ಎಂದು ನಾನೇ ಹೇಳಿದೆ. ನನ್ನ ಸೇವೆಯಲ್ಲಿ ಒಂದೂ ನಕಾಶೆಯನ್ನು ನಾನು ಮಗುಚಿದವನಲ್ಲ ಎಂಬುದನ್ನೂ ಹೇಳಿದೆ. ಅವರು ಚಕ್ಕೆ ಊದಿದರು. "ಎಡಗೈ ತೋರಿಸಿದ್ರ ಕಾರ್ಖಾನಿಯವ್ರು ಆಕಿ ಎಡಗೈ ಹಿಡದು ನೋಡ್ತಾರ. ಇಲ್ಲಿ ಏನೂ ಆಗಿಲ್ಲ ಅಂತಾರ. ಸುಳ್ಳು ನನ್ನ ಹಲಗಿಯಿಂದ ಹೋಗಬಾರದ್ರಿ," ಎಂದು ಆ ಹಲಗೆಯನ್ನು ಒಡೆದು ಒಲೆಗೆ ಹಾಕಿ, ಹೊಸ ಹಲಗೆಯಲ್ಲಿ ಮೊದಲಿನಿಂದ ಕೊರೆದರು. ನಮ್ಮ ಕಟ್ಟಡದಲ್ಲಿ ಹಲವು ದಿನ ಉಳಿಯ ಕರ್ ಕರ್ ಸದ್ದು ನಿಲ್ಲಲಿಲ್ಲ. ಆಗ ಮಾತ್ರ ನಾನು ದೂರು ಕೊಡಲಿಲ್ಲ.

ಅವರ ಬಳಿ ಒತ್ತುವ ಯಂತ್ರ ಇರಲಿಲ್ಲ. ಹಲಗೆಗೆ ಮಸಿ ಹಚ್ಚಿ, ಕಾಗದ ಹಾಸಿ, ಸ್ಟೀಲಿನ ದೊಡ್ಡ ಚಮಚದ ಬೆನ್ನಿನಿಂದ ಉಜ್ಜುತ್ತಿದ್ದರು. ಅದರಲ್ಲಿ ಅವರದೊಂದು ಕಟ್ಟುನಿಟ್ಟಾದ ನಿಯಮ. ಯಾರ ಕೈಯನ್ನು ಕೊರೆದಿದ್ದಾರೋ ಮೊದಲ ಹಾಳೆಯನ್ನು ಅವರೇ ಒತ್ತಬೇಕು, ಅದು ಅವರಿಗೇ ಸೇರಬೇಕು. ಆಮೇಲೆ ಯಾರು ಕೇಳಿದರೂ ಕೊಡುವುದು, ಆದರೆ ಕೇಳಿದವರೇ ಒತ್ತಿಕೊಳ್ಳಬೇಕು. ಮೊದಲನೆಯವರ ಹಾಳೆ ಹಾಳಾದರೆ ಇನ್ನೊಂದು. ಅದೂ ಹಾಳಾದರೆ ಮತ್ತೊಂದು. ಇಷ್ಟೇ ಪ್ರತಿ ಎಂಬ ಮಿತಿಯನ್ನು ಅವರು ಒಪ್ಪಲೇ ಇಲ್ಲ. "ಹಲಗಿ ಸವದು ಹೋಗೋತನಕ ಅದು ಅವರ ಹಕ್ಕು," ಎನ್ನುವರು.

ಆ ಬಲಗೈ ಕಾರ್ಖಾನೆಯ ಎದುರಿನ ಕಾಂಪೌಂಡ್ ಗೋಡೆಗೆ ಏರಿತು. ಸಂಜೆ ಟೀಚರಮ್ಮ ಮೈದಾ ಅಂಟಿನಿಂದ ಅದನ್ನು ಹಚ್ಚಿ ಬಸ್ಸು ಹತ್ತಿ ಬರುವರು. ಬೆಳಿಗ್ಗೆ ಕಾವಲುಗಾರ ಅದನ್ನು ಹರಿದು ಹಾಕುವನು. ಮತ್ತೆ ಸಂಜೆ ಹೊಸದು. ಹೀಗೆ ವಾರಗಟ್ಟಲೆ ನಡೆಯಿತು. ಒಂದು ಸಂಜೆ ಆ ಕಾವಲುಗಾರ, ವಯಸ್ಸಾದ ಮನುಷ್ಯ, ಇವರಿಗಾಗಿಯೇ ಕಾದು ನಿಂತಿದ್ದನಂತೆ. ಬೈಯುತ್ತಾನೆಂದು ಇವರು ಸಿದ್ಧರಾಗಿದ್ದರು. ಆತ ಕಾಗದ ಕೆರೆದು ಸವೆದ ತನ್ನ ಉಗುರುಗಳನ್ನು ತೋರಿಸಿ, "ಅಮ್ಮಾ, ಲಗಾವೋ, ನಕ್ಕೋ ನಹೀ ಬೋಲ್ತೂಂ. ಗೋಂದ್ ಜರಾ ಕಮ್ ಲಗಾವೋ," ಎಂದ. ಹಚ್ಚಬೇಡ ಎನ್ನುವುದಿಲ್ಲ, ಅಂಟನ್ನು ಸ್ವಲ್ಪ ಕಡಿಮೆ ಮಾಡು ಎಂದಷ್ಟೇ ಅವನ ಬೇಡಿಕೆ.

ಇದನ್ನು ಹೇಳುತ್ತ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು, ನಾಳೆಯಿಂದ ಇನ್ನೂ ಗಟ್ಟಿಯಾಗಿ ಅಂಟಿಸಿ ಎಂದೆ. ನಗು ನಿಂತಿತು. "ಹಂಗ್ಯಾಕ್ರಿ? ಅವನ ಕೈಯೂ ಕೈ ಅಲ್ಲೇನ್ರಿ?" ಎಂದರು. ಅಂದಿನಿಂದ ನಾಲ್ಕು ಮೂಲೆಗೆ ಮಾತ್ರ ಅಂಟು. ಅವನು ಸುಲಭವಾಗಿ ಕೀಳುವನು, ಇವರು ಸುಲಭವಾಗಿ ಹಚ್ಚುವರು. ಕಡೆಗೆ, ಕೆಲಸಕ್ಕೆ ಬರುವ ಹೊಸ ಹೆಂಗಸರು ಒಳಗೆ ಕಾಲಿಡುವ ಮೊದಲು ಆ ಗೋಡೆಯ ಮುಂದೆ ನಿಂತು, ಇದು ಯಾವ ಯಂತ್ರ ಎಂದು ಕೇಳತೊಡಗಿದರು. ಸೋತೆವೆಂದು ಕಾರ್ಖಾನೆಯವರು ಯಾರೂ ಹೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಒಂದು ದಿನ ಯಂತ್ರಗಳ ಮುಂದೆ ಕಬ್ಬಿಣದ ಜಾಲರಿ ಬಂದಿತ್ತು, ಅಷ್ಟೆ.

ಆ ಕೈಯನ್ನು ನಾನು ಮತ್ತೆ ಕಂಡದ್ದು ಈ ಗ್ಯಾಲರಿಯಲ್ಲಿ, ಗಾಜಿನ ಹಿಂದೆ, ಮೆತ್ತನೆಯ ದೀಪದ ಕೆಳಗೆ. ಅದರ ಪಕ್ಕ ಇತರರ ಕೈಗಳು: ಬೀಡಿ ಕಟ್ಟುವವಳದು, ಬಟ್ಟೆ ಒಗೆಯುವವಳದು, ಔಷಧದ ಡಬ್ಬಿಗೆ ಚೀಟಿ ಹಚ್ಚುವವಳದು. ಮಾಳಿಗೆಯ ಮೇಲೆ ನನ್ನ ಧೋತರಗಳ ನಡುವೆ ತೂಗಾಡುವಾಗ ನಾನು ಅವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ನೋಡದಂತೆ ಮಾಡಿದ್ದು ಧೋತರಗಳ ಚಿಂತೆ. ಈಗ ನೋಡಿದೆ. ಒರಟು ಗೆರೆಗಳು. ಕೆಲವು ಕಡೆ ಉಳಿ ಜಾರಿದ್ದು ಹಾಗೇ ಉಳಿದಿದೆ. ಆದರೆ ಆ ಕಪ್ಪಿನ ನಡುವೆ, ಬೆರಳುಗಳಿರಬೇಕಾದ ಕಡೆಯ ಬಿಳಿ ಖಾಲಿಯನ್ನು ನೋಡಿ ನನ್ನ ಕೈಬೆರಳುಗಳು ತಾವಾಗಿ ಮಡಚಿಕೊಂಡವು. ಗೆರೆ ನೋವು ಮಾಡುವುದು ಎಂದರೇನೆಂದು ಬಂಜಾರಾ ಹಿಲ್ಸಿನ ಎಸಿಯಲ್ಲಿ ನಿಂತು ತಿಳಿಯಬೇಕಾಯಿತು.

ಬಾಯಿಂದ ಏನೋ ಕನ್ನಡ ಮಾತು ಹೊರಟಿರಬೇಕು. ಗ್ಯಾಲರಿ ನೋಡಿಕೊಳ್ಳುವ ಹೆಣ್ಣುಮಗಳು, ಮೈಸೂರಿನ ಕಡೆಯವಳು, ಹತ್ತಿರ ಬಂದು ಆದರದಿಂದ ಮಾತಾಡಿಸಿದಳು. ಅವಳ ಬಗ್ಗೆ ನನಗೆ ಹೇಳಿಕೊಳ್ಳುವಂಥ ದೂರಿಲ್ಲ. ಮೂಲೆಯ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಹಲಗೆಗಳನ್ನು ತೋರಿಸಿ, "ಭಾನುವಾರ ಸಮಾರೋಪಕ್ಕೆ ಬನ್ನಿ ಸರ್. ಮೇಡಂ ಅವರ ತಮ್ಮ ಪುಣೆಯಿಂದ ಬರ್ತಾರೆ. ಹಲಗೆಗಳನ್ನ ಅವರ ಕೈಯಿಂದಲೇ ರದ್ದು ಮಾಡಿಸ್ತೀವಿ," ಎಂದಳು.

"ರದ್ದು ಎಂದರೆ?"

"ಉಳಿಯಿಂದ ಅಡ್ಡಡ್ಡ ಒಂದು ಗೀರು ಎಳೀತಾರೆ. ಆಮೇಲೆ ಯಾರೂ ಒತ್ತೋ ಹಾಗಿಲ್ಲ. ಎಲ್ಲಾ ಕಡೆ ಇರೋ ಪದ್ಧತಿ ಸರ್. ಇನ್ನು ಪ್ರತಿ ಬರಲ್ಲ ಅಂತ ಖಾತ್ರಿ ಆದ್ರೆ ಒಂದು ಮ್ಯೂಸಿಯಂನವರು ಪೂರ್ತಿ ಸೆಟ್ ತಗೊಳ್ತಾರೆ. ಮೇಡಂ ಕೆಲಸ ಉಳೀಬೇಕಲ್ವಾ?"

ಟೀಚರಮ್ಮನ ನಿಯಮವನ್ನು ವಿವರಿಸಿದೆ. ಹೆಂಗಸರ ಹಕ್ಕಿನ ಮಾತನ್ನು ಹೇಳಿದೆ. ಅವಳು ಕೊನೆಯವರೆಗೂ ಕೇಳಿ, "ಇದನ್ನ ಎಲ್ಲಾದ್ರೂ ಬರೆದಿಟ್ಟಿದ್ದಾರಾ ಸರ್?" ಎಂದಳು. ಬರೆದಿಟ್ಟಿರಲಿಲ್ಲ. ಹೇಳಿದ್ದನ್ನು ಬರೆದಿಡಬೇಕೆಂದು ಅವರಿಗೆ ಎಂದೂ ಅನ್ನಿಸಿರಲಾರದು.

ಮರುದಿನ ನಾಚಾರಂಗೆ ಹೋದೆ. ಮಾಣಿಕಮ್ಮ ಬಾಗಿಲಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಗುರುತು ಹಿಡಿದಳು.

"ನೀವು ಹಗ್ಗದ ಸಲುವಾಗಿ ಟೀಚರಮ್ಮನ ಕೂಡ ಜಗಳಾಡೋ ಸಾರ್ ಅಲ್ರಿ?"

ಹೌದೆಂದೆ.

"ಬರ್ರಿ, ಕೂಡ್ರಿ. ಇಲ್ಲಿ ಹಗ್ಗ ಇಲ್ಲ."

ವಿಷಯ ಹೇಳಿದೆ. ಆಕೆ ಎದ್ದು, ಬಾಗಿಲ ಪಕ್ಕದ ನೀಲಿ ಗೋಡೆಯ ಮೇಲೆ ಆ ಬಲಗೈಯನ್ನೇ ಇಟ್ಟು ತೋರಿಸಿದಳು. "ಇಲ್ಲೇ ಹಚ್ಚಿದ್ದೆ. ಮಗಳ ಮದಿವಿಗೆ ಬಣ್ಣ ಮಾಡ್ಸಿದ್ವಿ, ಆ ಪೇಂಟರ್ ಮುಂಡೇಗಂಡ ಅದರ ಮ್ಯಾಲೇ ಬಳದ. ನಾ ಡ್ಯೂಟಿಯಿಂದ ಬರೋದ್ರಾಗ ಕೈ ಗ್ವಾಡಿ ಒಳಗ ಹೋಗಿತ್ತು." ಆಸ್ಪತ್ರೆಯಲ್ಲಿದ್ದ ಟೀಚರಮ್ಮನಿಗೆ ಇದನ್ನು ಹೇಳಿದಾಗ, ಮನೆಗೆ ಹೋದ ಕೂಡಲೇ ಇನ್ನೊಂದು ಒತ್ತೋಣ ಬಾ ಎಂದಿದ್ದರಂತೆ. ಅವರು ಮನೆಗೆ ಬರಲಿಲ್ಲ.

"ಅಷ್ಟು ಬೇಕೇ ಬೇಕೇನಮ್ಮ?" ಎಂದೆ.

"ನಾ ಸತ್ರ ಈ ಕೈ ಮಣ್ಣಾಗ ಹೋಗ್ತೈತಿ ಸಾರ್. ಆ ಮಷೀನು ಹಂಗೇ ಇರ್ತೈತಿ. ನನ್ನ ಕಡಿಯಿಂದಾನೂ ಏನರ ಉಳೀಬೇಕಲ್ರಿ," ಎಂದಳು. ಭಾನುವಾರ ಮಧ್ಯಾಹ್ನ ಡ್ಯೂಟಿ ಮುಗಿಸಿ ಬರುತ್ತೇನೆಂದು ಮಾತು ಕೊಟ್ಟಳು.

ಭಾನುವಾರ ನಾನು ಮೊದಲೇ ಹೋದೆ. ಗಣ್ಯರು ಬಂದಿದ್ದರು, ಚಹ ಬಂದಿತ್ತು, ಮಾಣಿಕಮ್ಮ ಬಂದಿರಲಿಲ್ಲ. ಟೀಚರಮ್ಮನ ತಮ್ಮ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಸೌಮ್ಯ ಮನುಷ್ಯರು, ಉಳಿಯನ್ನು ಪೆನ್ನಿನಂತೆ ಹಿಡಿದು ಮುಜುಗರದಿಂದ ನಿಂತಿದ್ದರು. ಸ್ವಲ್ಪ ಕಾಯಬೇಕು, ಈ ಹಲಗೆಗಳಿಗೆ ಹಕ್ಕುದಾರರಿದ್ದಾರೆ ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ.

"ತಾವು ಯಾರ್ರಿ?" ಎಂದು ಆ ತಮ್ಮ ಕೇಳಿದರು.

"ಅವರ ಕೆಳಗಿನ ಮನೆಯವನು."

"ಓಹೋ, ಧೋತರದವ್ರು! ಅಕ್ಕ ಪುಣೆಗೆ ಬಂದಾಗೆಲ್ಲ ನಿಮ್ಮ ಸುದ್ದಿ ಹೇಳತಿದ್ಲು."

ಸಭೆ ನಕ್ಕಿತು. ಆ ನಗುವಿನಲ್ಲಿ ನನ್ನ ಮಾತು ಮುಳುಗಿತು. ಯಾರು ಯಾರು ನಕ್ಕರೆಂಬುದು ನನಗೆ ನೆನಪಿದೆ. ಗ್ಯಾಲರಿಯ ಹೆಣ್ಣುಮಗಳು ಗಡಿಯಾರ ನೋಡಿ ಮೊದಲ ಹಲಗೆಯನ್ನು ಮುಂದಿಟ್ಟಳು. ಅದು ಆ ಬಲಗೈಯೇ. ಟೀಚರಮ್ಮನ ತಮ್ಮ ಬಾಗಿ, ಹೆಬ್ಬೆರಳಿನ ಬುಡದಿಂದ ಕಿರುಬೆರಳಿನವರೆಗೆ ಅಡ್ಡಲಾಗಿ ಉಳಿಯನ್ನು ಎಳೆದರು. ಮರ ಕರ್ರ್ ಎಂದಿತು. ಚಕ್ಕೆ ಸುರುಳಿಯಾಗಿ ಮೇಲೆದ್ದು ಹಾಗೇ ನಿಂತಿತು. ಊದುವವರು ಯಾರೂ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಲ್ಲುವ ಹೊತ್ತಿಗೆ ಮಾಣಿಕಮ್ಮ ಇಬ್ಬರು ಜೊತೆಗಾರ್ತಿಯರೊಂದಿಗೆ ಬಂದಳು, ಮೂವರ ಸೀರೆಯ ಮೇಲೂ ಕಾರ್ಖಾನೆಯ ಎಣ್ಣೆಯ ವಾಸನೆ. ದಾರಿ ಬಿಡಿಸಿಕೊಂಡು ಮೇಜಿನ ಬಳಿ ಬಂದು ಹಲಗೆಯನ್ನು ನೋಡಿದಳು. ನಾನು ತಲೆ ತಗ್ಗಿಸಿದೆ.

"ಇದರ್ಲೇ ನನಗೊಂದು ಒತ್ತಿಕೊಳ್ಳಾಕ ಬಿಡ್ರಿ," ಎಂದಳು.

"ಅದು ರದ್ದಾಯ್ತಲ್ಲಮ್ಮ," ಎಂದಳು ಗ್ಯಾಲರಿಯವಳು, ನಿಜಕ್ಕೂ ಮರುಗಿದ ಧ್ವನಿಯಲ್ಲಿ.

"ಯಾಕವಾ, ಮಸಿ ಹತ್ತಂಗಿಲ್ಲೇನು?"

ಶಾಲೆಯ ಮಕ್ಕಳಿಗೆ ತೋರಿಸಲೆಂದು ತಂದಿದ್ದ ಮಸಿ, ರೋಲರ್, ಕಾಗದ ಪಕ್ಕದಲ್ಲೇ ಇದ್ದವು. ಚಮಚವನ್ನು ಆಕೆ ಮನೆಯಿಂದ ತಂದಿದ್ದಳು. ಮಸಿ ಹಚ್ಚಿ, ಕಾಗದ ಹಾಸಿ, ಎಡಗೈಯಿಂದ ಚಮಚ ಹಿಡಿದು ಉಜ್ಜಿದಳು. ಕಾಗದ ಸರಿಯದಂತೆ ಬಲಗೈಯ ಉಳಿದ ಬೆರಳುಗಳು ಮೂಲೆಯನ್ನು ಒತ್ತಿ ಹಿಡಿದಿದ್ದವು. ಹಾಳೆ ಎತ್ತಿದಾಗ ಕೈ ಮೂಡಿತ್ತು, ಕಪ್ಪಗೆ, ಪೂರ್ತಿ, ಅಂಗೈಗೆ ಅಡ್ಡಲಾಗಿ ಒಂದು ಬಿಳಿ ಗೀರಿನೊಂದಿಗೆ. ತನ್ನ ಅಂಗೈಯನ್ನು ಪಕ್ಕ ಹಿಡಿದು ಹೋಲಿಸಿ ನೋಡಿದಳು.

"ಈ ಗೆರಿ ಒಂದು ಹೆಚ್ಚಾತು. ಇರಲಿ, ಕೈ ನಂದೇ," ಎಂದು ಜೊತೆಗಾರ್ತಿಯರಿಗೆ ತೋರಿಸಿದಳು.

ಟೀಚರಮ್ಮನ ತಮ್ಮ ಅಷ್ಟೂ ಹೊತ್ತು ಉಳಿಯನ್ನು ಹಿಡಿದುಕೊಂಡೇ ನಿಂತಿದ್ದರು. "ನನಗೂ ಒಂದು ಕೊಡ್ತೀರೇನವ್ವಾ?" ಎಂದು ಕೇಳಿದರು. ಅಕ್ಕನ ಕೆಲಸವನ್ನು ಅವರು ಅದಕ್ಕೂ ಮೊದಲು ತಮಗೆ ಬೇಕೆಂದು ಕೇಳಿದ್ದಿಲ್ಲವೆಂದು ಆ ಧ್ವನಿಯೇ ಹೇಳುತ್ತಿತ್ತು.

"ನಾ ಕೊಡಂಗಿಲ್ರಿ. ಕೇಳಿದವ್ರೇ ಒತ್ತಬೇಕು. ಅದು ಟೀಚರಮ್ಮನ ಕಾಯ್ದೆ."

ಅವರು ಉಳಿಯನ್ನು ಮೇಜಿನ ಮೇಲಿಟ್ಟು, ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿ, ತೋಳು ಮಡಚಿದರು. ಮಾಣಿಕಮ್ಮ ಮಸಿ ಹಚ್ಚಿಕೊಟ್ಟಳು. ಅವರು ಹೆದರಿ ಹೆದರಿ, ಎಳೆಗೂಸಿನ ಬೆನ್ನು ಸವರಿದಂತೆ ಚಮಚ ಆಡಿಸಿದರು.

"ಗಟ್ಟಿಯಾಗಿ ಒತ್ರಿ ಸಾಹೇಬ್ರ. ಅದಕ್ಕ ನೋವಾಗಂಗಿಲ್ಲ. ಆಗೋದೆಲ್ಲಾ ಆಗೇತಿ."

ಅಂಗಿಯ ತೋಳಿಗೆ ಮಸಿ ಹತ್ತಿತು. ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಬೆರಳುಗಳು ಅಲ್ಲಲ್ಲಿ ಮಾಸಿದ್ದವು, ಅಂಗೈ ಮಸುಕಾಗಿತ್ತು, ಮಣಿಕಟ್ಟು ಬಂದೇ ಇರಲಿಲ್ಲ. ಇಡೀ ಹಾಳೆಯಲ್ಲಿ ಸ್ವಚ್ಛವಾಗಿ ಮೂಡಿದ್ದು ಒಂದೇ: ಅವರು ಎಳೆದ ಗೆರೆ.

ಗ್ಯಾಲರಿಯ ಹೆಣ್ಣುಮಗಳು ಎರಡನೆಯ ಹಲಗೆಯನ್ನು ಎದೆಗೆ ಒತ್ತಿ ಹಿಡಿದು ಮೆಲ್ಲಗೆ ಪಕ್ಕಕ್ಕೆ ಬಂದಳು.

"ಸರ್, ಮುಂದಿನದು?"

ಅವರು ಉಳಿಯನ್ನು ಮೇಜಿನ ಆ ತುದಿಗೆ, ತಮ್ಮ ಕೈಗೆ ಎಟುಕದಷ್ಟು ದೂರಕ್ಕೆ ಸರಿಸಿದರು.

"ಇದು ನನಗ ಸರಿಯಾಗಿ ಬಂದಿಲ್ಲ," ಎಂದರು, "ಇನ್ನೊಂದು ಹಾಳಿ ಕೊಡ್ರಿ."